ಹಳೇ ಆಫೀಸ್ ನಡೀತಾ ಇದೆ, ಆದರೂ…

ಹೋದ ವಾರ ಒಂದು ಎಕ್ಸೆಲ್ ಶೀಟ್ ಬಂತು. ನಾನು ಮನೆಯಲ್ಲೇ ಕೂತು ಅನುವಾದ, ಕರಡು ತಿದ್ದುವ ಕೆಲಸ ಮಾಡುತ್ತೇನೆ. ಯಾವ ಅಧ್ಯಾಯಕ್ಕೆ ಯಾವ ದರ, ಒಟ್ಟು ಎಷ್ಟಾಯಿತು ಅನ್ನುವ ಲೆಕ್ಕ ಅದರಲ್ಲಿತ್ತು. ತೆರೆದಾಗ ಎಲ್ಲ ಸರಿಯಾಗೇ ಕಾಣಿಸಿತು. ಒಂದು ಅಧ್ಯಾಯದ ಮುಂದೆ ‘ಸಾಧಾರಣ’ ಅಂತಿದ್ದದ್ದನ್ನು ‘ತಾಂತ್ರಿಕ’ ಅಂತ ಬದಲಿಸಿ ಎಂಟರ್ ಒತ್ತಿದೆ. ದರ ಹೋಯಿತು, ಮೊತ್ತ ಹೋಯಿತು, ಕೆಳಗಿನ ಒಟ್ಟು ಮೊತ್ತವೂ ಹೋಗಿ ಎಲ್ಲ ಕಡೆ ‘#ನೇಮ್?’ ಅಂತ ಬಂದು ಕೂತಿತು.

ನಾನೇ ಏನೋ ಕೆಡಿಸಿದೆ ಅಂತ ಗಾಬರಿಯಾಯಿತು. ಆಮೇಲೆ ನೋಡಿದರೆ ಶೀಟ್ ಕಳಿಸಿದವರು ಎಕ್ಸ್‌ಲುಕಪ್ ಅನ್ನೋ, ಪಟ್ಟಿಯಲ್ಲಿ ಹುಡುಕಿ ಅದರ ಮುಂದಿನ ದರ ತಂದುಕೊಡುವ ಫಾರ್ಮುಲಾ ಹಾಕಿದ್ದರು. ಒಂದೇ ಸಲ ದುಡ್ಡು ಕೊಟ್ಟು ಕೊಳ್ಳುವ ಮೈಕ್ರೋಸಾಫ್ಟ್ ಆಫೀಸ್‌ಗಳಲ್ಲಿ ಅದು ಬಂದದ್ದು 2021ರ ಆವೃತ್ತಿಯಲ್ಲಿ. ನನ್ನದು 2016. ಮುಟ್ಟುವ ತನಕ ಹಳೇ ಉತ್ತರವನ್ನೇ ತೋರಿಸುತ್ತಿತ್ತು. ಮುಟ್ಟಿದೆ, ಹೊಸದಾಗಿ ಲೆಕ್ಕ ಹಾಕೋಕೆ ಹೋಗಿ ಬಾಯಿ ಬಿಟ್ಟಿತು.

ಅಪ್‌ಗ್ರೇಡ್ ಮಾಡಬೇಕಾ ಅನ್ನುವ ಪ್ರಶ್ನೆಯನ್ನು ನಾನು ತಿಂಗಳುಗಟ್ಟಲೆ ಮುಂದೂಡುತ್ತಲೇ ಬಂದಿದ್ದೆ. 2025ರ ಅಕ್ಟೋಬರ್ 14ಕ್ಕೆ ಆಫೀಸ್ 2016 ಮತ್ತು 2019, ಎರಡಕ್ಕೂ ಬೆಂಬಲ ನಿಂತಿತು. ಮಾರನೇ ದಿನ ಬೆಳಿಗ್ಗೆ ವರ್ಡ್ ಎಂದಿನಂತೆ ತೆರೆಯಿತು. ಮೋಸ ಹೋಗುವುದು ಅಲ್ಲೇ. ಏನೂ ನಿಲ್ಲುವುದಿಲ್ಲ. ಇನ್ನು ಮುಂದೆ ತೂತು ಕಂಡರೆ ತೇಪೆ ಹಾಕುವವರಿಲ್ಲ, ಅಷ್ಟೇ.

ಆ ‘ಅಷ್ಟೇ’ ಎಷ್ಟು ದೊಡ್ಡದು? 2017ರಲ್ಲಿ ಆಫೀಸ್‌ನ ಹಳೇ ಈಕ್ವೇಶನ್ ಎಡಿಟರ್‌ನಲ್ಲಿ ಒಂದು ದೋಷ ಸಿಕ್ಕಿತು. ಗಣಿತದ ಸಮೀಕರಣ ಬರೆಯೋ ಸಣ್ಣ ಉಪಕರಣ ಅದು, 2000ನೇ ಇಸವಿಯದು. 17 ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮ್ಯಾಕ್ರೋಗೆ (ಫೈಲ್ ಒಳಗೇ ಕೂತಿರೋ ಸಣ್ಣ ಪ್ರೋಗ್ರಾಮ್) ಅನುಮತಿ ಕೊಡೋದೂ ಬೇಡ, ಕೆಟ್ಟ ಫೈಲನ್ನು ತೆರೆದರೆ ಸಾಕು, ಕಂಪ್ಯೂಟರ್ ಬೇರೆಯವರ ಕೈಗೆ ಹೋಗಬಹುದಿತ್ತು. 2018ರ ಜನವರಿಯಲ್ಲಿ ಆ ಉಪಕರಣವನ್ನೇ ಕಿತ್ತು ಹಾಕಿದರು. ನಾನು ಜೀವಮಾನದಲ್ಲಿ ಒಂದು ಸಮೀಕರಣ ಬರೆದವಳಲ್ಲ. ಆದರೂ ಅದು ನನ್ನ ಕಂಪ್ಯೂಟರ್‌ನಲ್ಲಿತ್ತು.

ಬರೀ ನನ್ನ ದಿನಚರಿ ಬರೆದುಕೊಂಡಿದ್ದರೆ 2016ರಲ್ಲೇ ಇದ್ದುಬಿಡುತ್ತಿದ್ದೆ. ಆದರೆ ಗೊತ್ತಿಲ್ಲದವರು ಕಳಿಸಿದ ಫೈಲ್ ತೆರೆಯೋದೇ ನನ್ನ ಕಸುಬು.

ಹೊಸ ಸೌಲಭ್ಯಗಳ ಆಸೆ ಮಾತ್ರ ಇರಲಿಲ್ಲ. ಎರಡು ವಾರ ಒಂದು ಚೀಟಿ ಪಕ್ಕದಲ್ಲಿಟ್ಟುಕೊಂಡು, ನಾನು ನಿಜವಾಗಿ ಏನೇನು ಬಳಸುತ್ತೇನೆ ಅಂತ ಬರೆದೆ. ಟ್ರ್ಯಾಕ್ ಚೇಂಜಸ್, ಕಾಮೆಂಟ್, ಫೈಂಡ್-ರೀಪ್ಲೇಸ್, ಪದಗಳ ಎಣಿಕೆ, ಎಕ್ಸೆಲ್‌ನಲ್ಲಿ ಕೂಡೋದು ಮತ್ತು ವಿಲುಕಪ್ (ಎಕ್ಸ್‌ಲುಕಪ್‌ನ ಹಳೇ ರೂಪ). ಚೀಟಿ ಅರ್ಧವೂ ತುಂಬಲಿಲ್ಲ. ಇವೆಲ್ಲ 2003ರಲ್ಲೇ ಇದ್ದವು! (2007ರಲ್ಲಿ ಹಳೇ ಮೆನುಗಳ ಬದಲು ರಿಬ್ಬನ್ ಅನ್ನೋ ಬಟನ್‌ಗಳ ಪಟ್ಟಿ ಬಂದಾಗ ಪ್ರಿಂಟ್ ಎಲ್ಲಿದೆ ಅಂತ ಹುಡುಕಿದ ಸಿಟ್ಟು ನನಗಿನ್ನೂ ಪೂರ್ತಿ ಇಳಿದಿಲ್ಲ.)

ಇನ್ನು ಕೊಳ್ಳುವ ಲೆಕ್ಕ. ತಿಂಗಳಿಗೋ ವರ್ಷಕ್ಕೋ ದುಡ್ಡು ಕಟ್ಟುವ ಸಬ್‌ಸ್ಕ್ರಿಪ್ಷನ್ ತಗೊಂಡರೆ ಯಾವಾಗಲೂ ಹೊಸದೇ ಇರುತ್ತದೆ. ಕಟ್ಟೋದು ನಿಲ್ಲಿಸಿದರೆ ಫೈಲ್ ತೆರೆದು ಓದಬಹುದು, ಪ್ರಿಂಟ್ ತೆಗೆಯಬಹುದು, ತಿದ್ದೋ ಹಾಗಿಲ್ಲ. ತಿದ್ದೋದೇ ಕೆಲಸವಾದವಳಿಗೆ, ಅದೂ ಕೆಲವು ತಿಂಗಳು ಕೆಲಸವೇ ಬರದವಳಿಗೆ, ಇದು ಸ್ವಲ್ಪ ಭಯವೇ. ಹಾಗಾದರೆ ಒಂದೇ ಸಲ ದುಡ್ಡು ಕೊಟ್ಟು ಆಫೀಸ್ 2024 ತಗೊಳ್ಳೋದು ಅಂದುಕೊಂಡೆ. ಆದರೆ ದಿನಾಂಕ ನೋಡಿ. 2016ಕ್ಕೆ 10 ವರ್ಷ ಬೆಂಬಲ ಸಿಕ್ಕಿತ್ತು. 2024ಕ್ಕೆ ಸಿಗೋದು ಐದೇ ವರ್ಷ, 2029ರ ಅಕ್ಟೋಬರ್ 9ರವರೆಗೆ. ಈಗ ಕೊಂಡರೆ ನಾಲ್ಕು ವರ್ಷವೂ ಉಳಿದಿಲ್ಲ. ಅಂದರೆ ಬೆಲೆಯನ್ನು ಉಳಿದಿರೋ ವರ್ಷಗಳಿಂದ ಭಾಗಿಸಿಯೇ ಸಬ್‌ಸ್ಕ್ರಿಪ್ಷನ್ ಜೊತೆ ಹೋಲಿಸಬೇಕು. ಎಲ್ಲಾದರೂ 2021 ಅಗ್ಗಕ್ಕೆ ಸಿಗುತ್ತಿದೆ ಅಂತ ಕೈ ಹಾಕೋ ಮುಂಚೆ ಇದೂ ಗೊತ್ತಿರಲಿ: ಅದರ ಬೆಂಬಲ 2026ರ ಅಕ್ಟೋಬರ್ 13ಕ್ಕೇ ಮುಗಿಯುತ್ತದೆ.

ಇದರ ಮೇಲೆ ನನ್ನ ಲ್ಯಾಪ್‌ಟಾಪ್ ಬೇರೆ. ಅದರಲ್ಲಿರೋದು ವಿಂಡೋಸ್ 10, ಅದಕ್ಕೂ ಆಫೀಸ್ 2016ರ ಜೊತೆಗೇ, 2025ರ ಅಕ್ಟೋಬರ್ 14ಕ್ಕೇ ಬೆಂಬಲ ನಿಂತದ್ದು. ಪ್ರೊಸೆಸರ್ ಹಳೇದು, ವಿಂಡೋಸ್ 11 ಒಪ್ಪುವುದಿಲ್ಲ. ಹೊಸ ಆಫೀಸ್ ಹಾಕಿದರೂ ಬಾಗಿಲು ಭದ್ರ, ಗೋಡೆ ಬಿರುಕು ಅನ್ನೋ ಸ್ಥಿತಿ. ಸದ್ಯಕ್ಕೆ ಒಂದು ವರ್ಷದ ಹೆಚ್ಚುವರಿ ಭದ್ರತಾ ಅಪ್‌ಡೇಟ್‌ಗೆ ಹೆಸರು ಬರೆಸಿದ್ದೇನೆ. ಅದೂ 2026ರ ಅಕ್ಟೋಬರ್ 13ರವರೆಗೆ ಮಾತ್ರ. ಅಷ್ಟರೊಳಗೆ ಲ್ಯಾಪ್‌ಟಾಪ್ ಬದಲಿಸಲೇಬೇಕು. ಆಫೀಸ್ ಕೊಳ್ಳೋ ಮಾತು ಅವತ್ತಿಗೆ.

ಅಲ್ಲಿಯವರೆಗೆ ಲಿಬ್ರೆಆಫೀಸ್, ವರ್ಡ್, ಎಕ್ಸೆಲ್ ಫೈಲ್‌ಗಳನ್ನು ತೆರೆಯೋ ಇನ್ನೊಂದು ಆಫೀಸ್ ತಂತ್ರಾಂಶ. ದುಡ್ಡು ಕೊಡಬೇಕಿಲ್ಲ, ಹಳೇ ಆಫೀಸ್ ಪಕ್ಕದಲ್ಲೇ ಕೂರುತ್ತದೆ. ಪರೀಕ್ಷೆ ಮಾಡುವವರು ಸುಮ್ನೆ ಖಾಲಿ ಪುಟ ತೆರೆದು ‘ಚೆನ್ನಾಗಿದೆ’ ಅನ್ನಬೇಡಿ. ನಿಮ್ಮ ಹತ್ತಿರ ಇರೋ ಅತಿ ಕೆಟ್ಟ ಫೈಲ್‌ಗಳ ನಕಲು ಮಾಡಿಕೊಂಡು ಅವನ್ನು ತೆರೆಯಿರಿ. ನಾನು ಮೂರು ಜನ ತಿದ್ದಿದ್ದ 180 ಪುಟದ ಹಸ್ತಪ್ರತಿ ಹಾಕಿದೆ. ತಿದ್ದುಪಡಿ, ಕಾಮೆಂಟ್, ಹೆಸರು, ಒಂದೂ ತಪ್ಪಲಿಲ್ಲ. ಟೆಕ್ಸ್ಟ್ ಬಾಕ್ಸ್ ತುಂಬಿದ ಒಂದು ಅರ್ಜಿ ಫಾರ್ಮ್ ಮಾತ್ರ ಚೆಲ್ಲಾಪಿಲ್ಲಿಯಾಯಿತು. ನನ್ನ ಇನ್‌ವಾಯ್ಸ್ ಶೀಟ್‌ನ ಹಳೇ ಮ್ಯಾಕ್ರೋವೂ ಓಡಲಿಲ್ಲ.

ಪುಟ ಸಂಖ್ಯೆ ಒಂದು ತಲೆನೋವು. ಕೆಲಸ ಕೊಟ್ಟವರು ‘43ನೇ ಪುಟದ ಮೂರನೇ ಸಾಲು’ ಅಂತಾರೆ, ನನ್ನಲ್ಲಿ ಅದು 44ರಲ್ಲಿರುತ್ತದೆ. ಇದು ಲಿಬ್ರೆಆಫೀಸ್‌ನ ತಪ್ಪಲ್ಲ. ಹೊಸ ವರ್ಡ್‌ನಲ್ಲಿ ಕ್ಯಾಲಿಬ್ರಿ ಹೋಗಿ ಆಪ್ಟೋಸ್ ಅನ್ನೋ ಫಾಂಟ್ ಬಂದಿದೆ. ಅದು ನನ್ನಲ್ಲಿಲ್ಲ, ಬದಲಿಗೆ ಬೇರೆ ಫಾಂಟ್ ಕೂತು ಸಾಲುಗಳು ಸರಿದುಬಿಡುತ್ತವೆ. 2016ರಲ್ಲಿ ತೆರೆದರೂ ಇದೇ ಕಥೆ. ‘ಪುಟ ಬೇಡ, ಅಧ್ಯಾಯ ಮತ್ತು ಮೊದಲ ಎರಡು ಪದ ಹೇಳಿ’ ಅಂತ ಎಲ್ಲರಿಗೂ ಬರೆದುಬಿಟ್ಟೆ.

ಕೊನೆಗೆ ಆ ಎಕ್ಸೆಲ್ ಶೀಟನ್ನೂ ಲಿಬ್ರೆಆಫೀಸ್‌ನಲ್ಲೇ ತೆರೆದೆ. 2024ರ ಆಗಸ್ಟ್‌ನಲ್ಲಿ ಬಂದ 24.8 ಆವೃತ್ತಿಯಿಂದ ಲಿಬ್ರೆಆಫೀಸ್‌ಗೂ ಎಕ್ಸ್‌ಲುಕಪ್ ಗೊತ್ತು. ‘ತಾಂತ್ರಿಕ’ ಅಂತ ಬದಲಿಸಿದೆ. ದರ ಏರಿತು, ಮೊತ್ತ ಏರಿತು. ದುಡ್ಡು ಕೊಟ್ಟದ್ದು ಮಾಡದ ಕೆಲಸ ಪುಕ್ಕಟೆ ಬಂದದ್ದು ಮಾಡಿತಲ್ವಾ ಅಂತ ನಗು ಬಂತು.

2016ನ್ನು ಇನ್ನೂ ತೆಗೆದಿಲ್ಲ, ಇನ್‌ವಾಯ್ಸ್‌ಗೆ ಬೇಕು. ಆದರೆ ಡಬಲ್ ಕ್ಲಿಕ್ ಮಾಡಿದರೆ ಈಗ ತೆರೆಯೋದು ಅದಲ್ಲ.