ಸಂವಿಧಾನ ಬದಲಾಯಿಸ್ತಾರಂತೆ, ಹೌದಾ ಮೇಷ್ಟ್ರೇ?

ಹೌದು. ಇಲ್ಲ. ಗೊತ್ತಿಲ್ಲ. ಮೂರರಲ್ಲಿ ನಿಮಗೆ ಬೇಕಾದ್ದನ್ನು ಇಟ್ಟುಕೊಂಡು ನನ್ನನ್ನು ಬಿಟ್ಟುಬಿಡಿ.

ಇಪ್ಪತ್ತೆರಡು ವರ್ಷದಿಂದ ಪಿಯು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತಿದ್ದೇನೆ. ಆ ತಪ್ಪಿಗೆ ಕಟಿಂಗ್ ಶಾಪ್‌ನಲ್ಲಿ, ಬಸ್ ಸ್ಟ್ಯಾಂಡ್‌ನಲ್ಲಿ, ಒಂದು ಸಲ ಸಾವಿನ ಮನೆಯಲ್ಲೂ ಇದೇ ಪ್ರಶ್ನೆ. ನನಗೆ ಸಿಟ್ಟು ಬರುವುದು ಪ್ರಶ್ನೆಗಲ್ಲ, ಅದರ ಬಾಲದಲ್ಲಿರುವ ‘ಅಂತೆ’ಗೆ. ಚಿನ್ನ ಇಳಿಯುತ್ತಂತೆ, ನಾಳೆ ಬಂದ್ ಅಂತೆ, ಸಂವಿಧಾನ ಬದಲಾಯಿಸ್ತಾರಂತೆ. ಯಾರು ಬದಲಾಯಿಸ್ತಾರೆ? ‘ಅವರೇ’. ಯಾವ ವಿಧಿ? ‘ಎಲ್ಲಾನೂ’. ಯಾರು ಹೇಳಿದ್ದು? ವಾಟ್ಸಾಪ್. ಇಷ್ಟು ಅಂತೆಕಂತೆ ಹೊತ್ತುಕೊಂಡು ಬಂದು, ಖಚಿತ ಉತ್ತರ ಮಾತ್ರ ನಾನು ಕೊಡಬೇಕು.

ಹೋದ ವರ್ಷ ಅಣ್ಣನ ಮಗಳ ಮದುವೆಯಲ್ಲಿ ಬೀಗರ ಕಡೆಯ ಹಿರಿಯರೊಬ್ಬರು ಪಕ್ಕದ ಎಲೆಗೆ ಕೂತರು. ಕೋಸಂಬರಿ ಬಡಿಸುವಷ್ಟರಲ್ಲಿ ನಾನು ಮೇಷ್ಟ್ರು ಅಂತ ಗೊತ್ತಾಯಿತು. ಪಲ್ಯ ಬರುವಷ್ಟರಲ್ಲಿ ಪ್ರಶ್ನೆಯೂ ಬಂತು. ಬೀಗರ ಕಡೆಯವರು, ರೇಗುವ ಹಾಗಿಲ್ಲ. ಸರಿ, ಪಾಠ ಶುರು ಮಾಡಿದೆ.

“ನೋಡಿ ಯಜಮಾನ್ರೇ, ಈಗ ಸುದ್ದಿಯಲ್ಲಿರೋದು ‘ಒಂದು ದೇಶ ಒಂದು ಚುನಾವಣೆ’ ಮಸೂದೆ. ಲೋಕಸಭೆಗೂ ವಿಧಾನಸಭೆಗಳಿಗೂ ಒಟ್ಟಿಗೇ ಚುನಾವಣೆ ಮಾಡೋಣ ಅಂತ. 2024ರ ಡಿಸೆಂಬರ್ 17ಕ್ಕೆ ಲೋಕಸಭೆಯಲ್ಲಿ ಮಂಡಿಸಿದರು. ಪರ 269, ವಿರುದ್ಧ 198. ಮಂಡಿಸೋಕೆ ಅಷ್ಟು ಸಾಕು. ಪಾಸಾಗಬೇಕು ಅಂದರೆ ಓಟು ಹಾಕಿದವರಲ್ಲಿ ಮೂರನೇ ಎರಡರಷ್ಟು ಜನ ಒಪ್ಪಬೇಕು. ಅವತ್ತು ಹಾಕಿದವರು 467 ಜನ. ಹಾಗಾದರೆ 312 ಬೇಕಿತ್ತು. ಸದನದ ಒಟ್ಟು ಸಂಖ್ಯೆಯ ಅರ್ಧಕ್ಕಿಂತ ಜಾಸ್ತಿಯೂ ಇರಬೇಕು. ರಾಜ್ಯಸಭೆಯಲ್ಲೂ ಇದೇ ಲೆಕ್ಕ.”

ಅವರ ಮುಖ ನೋಡಿದರೆ ಲೆಕ್ಕ ಇಳಿದ ಹಾಗೆ ಕಾಣಲಿಲ್ಲ. ಎಲೆಯ ಮೇಲಿದ್ದ ಹಪ್ಪಳ ಎತ್ತಿಕೊಂಡು, ಮೂರು ತುಂಡು ಮಾಡಿ ತೋರಿಸೋಣ ಅಂತ ಮುರಿದೆ. ಏಳು ತುಂಡಾಯಿತು. ದೊಡ್ಡವನ್ನೆಲ್ಲ ಒಂದು ಕಡೆ ಗುಡ್ಡೆ ಹಾಕಿ “ಇಷ್ಟು ಈ ಕಡೆ ಬರಬೇಕು” ಅನ್ನುವಷ್ಟರಲ್ಲಿ ಬಡಿಸುವ ಹುಡುಗ ಸರಿಯಾಗಿ ಅದರ ಮೇಲೇ ಸಾರು ಸುರಿದ. ಬಹುಮತ ಮೆತ್ತಗಾಯಿತು.

ಯಜಮಾನರು ಹೋಳಿಗೆ ಮುರಿಯುತ್ತಾ ಹೇಳಿದರು: “ಅದೆಲ್ಲಾ ಸರಿ ಮೇಷ್ಟ್ರೇ. ಬದಲಾಯಿಸ್ತಾರೋ ಇಲ್ವೋ?”

ಅವತ್ತೇ ನಿರ್ಧಾರ ಮಾಡಿದೆ, ಒಂದು ಸಲ ಬರೆದು ಇಟ್ಟುಬಿಡೋಣ, ಕೇಳಿದವರಿಗೆಲ್ಲ ಲಿಂಕ್ ಕಳಿಸೋಣ ಅಂತ.

ಮೊದಲನೆಯದು, ಬದಲಾಯಿಸಿ ಆಗಿದೆ. 2023ರ ಸೆಪ್ಟೆಂಬರ್‌ಗೆ 106 ಸಲ. ಮೊದಲ ತಿದ್ದುಪಡಿ ಆಗಿದ್ದೇ 1951ರಲ್ಲಿ, ಸಂವಿಧಾನಕ್ಕೆ ಇನ್ನೂ ಒಂದೂವರೆ ವರ್ಷ ತುಂಬಿರಲಿಲ್ಲ. ನಿಮ್ಮ ಮಗ 18ಕ್ಕೇ ಓಟು ಹಾಕುತ್ತಾನಲ್ಲ, ಅದು 61ನೇ ತಿದ್ದುಪಡಿ. ಮೊದಲು 21 ಆಗಬೇಕಿತ್ತು. ಅಂಗಡಿ ಬಿಲ್ಲಿನಲ್ಲಿ ಜಿಎಸ್‌ಟಿ ನೋಡಿ ಬೈಯುತ್ತೀರಲ್ಲ, ಅದು 101ನೆಯದು. (ಆ ಒಂದೇ ಚುನಾವಣೆಯದು 129ನೇ ತಿದ್ದುಪಡಿ ಮಸೂದೆ. ಹಾಗಂತ 128 ತಿದ್ದುಪಡಿ ಆಗಿವೆ ಅಂತಲ್ಲ. ಮಂಡಿಸಿದ ಲೆಕ್ಕ ಬೇರೆ, ಪಾಸಾದ ಲೆಕ್ಕ ಬೇರೆ. ಪರೀಕ್ಷೆಯಲ್ಲಿ ಅರ್ಧ ಕ್ಲಾಸು ಇಲ್ಲೇ ಬೀಳುತ್ತದೆ.)

“ಹಾಗಾದ್ರೆ ಏನು ಬೇಕಾದ್ರೂ ಬದಲಾಯಿಸಬಹುದಾ?” ಇಲ್ಲ. ಅದಕ್ಕೆ ಬೇಲಿ ಬಿದ್ದದ್ದು ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿ ಹಾಕಿದ ಕೇಸಿನಲ್ಲಿ. ಯಕ್ಷಗಾನ ಪ್ರಿಯರಾದ ಕೇಶವಾನಂದ ಭಾರತಿಗಳು ಕೋರ್ಟಿಗೆ ಹೋದದ್ದು ಮಠದ ಜಮೀನಿಗಾಗಿ, ಕೇರಳದ ಭೂ ಸುಧಾರಣೆಯ ವಿರುದ್ಧ. 1973ರ ಏಪ್ರಿಲ್ 24ಕ್ಕೆ ಹದಿಮೂರು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಸಂಸತ್ತು ತಿದ್ದಬಹುದು, ಆದರೆ ಅದರ ಮೂಲ ರಚನೆಗೆ, ಅಂದರೆ ಬುನಾದಿಗೆ, ಕೈ ಹಾಕುವಂತಿಲ್ಲ. ಏಳು ಜನ ಹೌದು ಅಂದರು, ಆರು ಜನ ಇಲ್ಲ ಅಂದರು. ಒಬ್ಬರ ಅಂತರ! ಇದನ್ನು ಪಾಠ ಮಾಡುವಾಗ ಹಿಂದಿನ ಬೆಂಚೂ ಎದ್ದು ಕೂರುತ್ತದೆ.

ಇನ್ನು ಒಂದೇ ಚುನಾವಣೆಗೆ ಬರೋಣ. ಇದನ್ನು ಪರಿಶೀಲಿಸಿದ್ದು ಮಾಜಿ ರಾಷ್ಟ್ರಪತಿ ರಾಮನಾಥ ಕೋವಿಂದ್ ಸಮಿತಿ, ಅದರ ವರದಿ 18,626 ಪುಟ. ನಾನು ಪೂರ್ತಿ ಓದಿಲ್ಲ, ನನಗೆ ಫಾರ್ವರ್ಡ್ ಮಾಡಿದವರಂತೂ ಓದಿಲ್ಲ. ಮಸೂದೆ ಚಿಕ್ಕದು, ಅದನ್ನು ಓದಿದ್ದೇನೆ. ಅದು ಈಗಿರುವ ಹಾಗೇ ಪಾಸಾಗಿ, 2029ರ ಲೋಕಸಭೆಯ ಮೊದಲ ಸಭೆಯ ದಿನ ರಾಷ್ಟ್ರಪತಿಗಳು ಜಾರಿಗೆ ದಿನ ಗೊತ್ತು ಮಾಡಿದರು ಅಂತಿಟ್ಟುಕೊಳ್ಳಿ. ಅದರ ನಂತರ ಆಯ್ಕೆಯಾಗುವ ವಿಧಾನಸಭೆಗಳ ಆಯಸ್ಸೆಲ್ಲ ಆ ಲೋಕಸಭೆಯ ಜೊತೆಗೇ ಮುಗಿಯುತ್ತದೆ. ಕರ್ನಾಟಕದಲ್ಲಿ 2028ರಲ್ಲಿ ಗೆದ್ದವರು 2033ರವರೆಗೆ ಇರುತ್ತಾರೆ. ಆದರೆ 2033ರಲ್ಲಿ ಗೆದ್ದವರಿಗೆ ಸಿಗುವುದು ಒಂದೇ ವರ್ಷ. ಸಂಪುಟ ವಿಸ್ತರಣೆಯ ಜಗಳ ಮುಗಿಯುವಷ್ಟರಲ್ಲಿ ಮತ್ತೆ ಓಟು.

“ಹಾಗಾದ್ರೆ ನೀವು ವಿರೋಧಿ!” ನೋಡಿದಿರಾ, ಇದಕ್ಕೇ ಕಾಯುತ್ತಿದ್ದರು. ಸ್ವಾಮಿ, ಪ್ರತಿ ಚುನಾವಣೆಗೂ ಮತಯಂತ್ರ ಹೊತ್ತುಕೊಂಡು ಯಾವುದೋ ಶಾಲೆಯ ಜಮಖಾನದ ಮೇಲೆ ರಾತ್ರಿ ಕಳೆಯುವವನು ನಾನು. ಎರಡು ಡ್ಯೂಟಿ ಒಂದಾದರೆ ಎಲ್ಲರಿಗಿಂತ ಮೊದಲು ನನ್ನ ಸೊಂಟಕ್ಕೆ ಲಾಭ. ಆದರೆ ಪಾಠ ಮಾಡುವವನಿಗೆ 1985 ಮರೆಯುವುದಿಲ್ಲ. 1984ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ನಮ್ಮ ಜನ 28ರಲ್ಲಿ 24 ಸೀಟು ಕಾಂಗ್ರೆಸ್ಸಿಗೆ ಕೊಟ್ಟರು. ಜನತಾ ಪಕ್ಷದ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೆ ಹೋದರು. ಮಾರ್ಚ್‌ನಲ್ಲಿ ಅದೇ ಜನ ಜನತಾ ಪಕ್ಷಕ್ಕೆ 139 ಸೀಟು ಕೊಟ್ಟರು. ಒಂದೇ ದಿನ ಎರಡೂ ಓಟು ಹಾಕಿದ್ದರೆ ಹೀಗಾಗುತ್ತಿತ್ತಾ? ಆಗುತ್ತಿರಲಿಲ್ಲ ಅನ್ನಲು ಹೊರಟರೆ 2004 ಅಡ್ಡ ಬರುತ್ತದೆ. ಆಗ ಎರಡೂ ಒಟ್ಟಿಗೇ ನಡೆದವು. ಬಿಜೆಪಿಗೆ ಲೋಕಸಭೆಯಲ್ಲಿ 28ಕ್ಕೆ 18, ವಿಧಾನಸಭೆಯಲ್ಲಿ 224ಕ್ಕೆ 79. ನಮ್ಮ ಮತದಾರ ಒಂದು ಕೈಯಲ್ಲಿ ಎರಡು ಲೆಕ್ಕ ಬರೆಯಬಲ್ಲ. ಹಾಗಾಗಿ ನಾನು ಯಾವ ಕಡೆ ಅಂತ ಕೇಳಬೇಡಿ. ದಿನ ಬಿಟ್ಟು ದಿನ ಬದಲಾಗುತ್ತದೆ.

ಆ ಮದುವೆಯ ಕಥೆ ಇನ್ನೂ ಮುಗಿದಿಲ್ಲ. ಊಟವಾಗಿ ಎಲೆ ಅಡಿಕೆ ಹಾಕುವಾಗ ಯಜಮಾನರು ಅವರೂರಿನ ಕೆರೆ ಹತ್ತಿರದ ಮೋರಿಯ ವಿಷಯ ತೆಗೆದರು. ಎರಡು ಮಳೆಗಾಲದಿಂದ ಕುಸಿದಿದೆಯಂತೆ. (ಈ ‘ಅಂತೆ’ ನನ್ನದು.) ಯಾರಿಗೆ ಹೇಳೋದು ಅಂತ ಕೇಳಿದರು.

“ನಿಮ್ಮ ಜಿಲ್ಲಾ ಪಂಚಾಯ್ತಿ ಮೆಂಬರ್ ಯಾರು?”

ತಕ್ಷಣ ಒಂದು ಹೆಸರು ಹೇಳಿದರು.

“ಅವರ ಅವಧಿ 2021ಕ್ಕೇ ಮುಗೀತಲ್ಲ.”

“ಹೌದಾ? ಕಾರಿನ ಮೇಲೆ ಇನ್ನೂ ಬೋರ್ಡ್ ಐತಲ್ಲ ಮೇಷ್ಟ್ರೇ.”

ಇಷ್ಟು ವರ್ಷದಲ್ಲಿ ನನ್ನನ್ನು ಯಾರೂ ಕೇಳದ ಪ್ರಶ್ನೆ ಇದು: ಬದಲಾಯಿಸದೇ ಇರುವ ಸಂವಿಧಾನ ಎಲ್ಲಿ ಹೋಯಿತು? 243-ಇ ವಿಧಿ ತೆಗೆದು ನೋಡಿ. ಪಂಚಾಯ್ತಿಯ ಅವಧಿ ಐದು ವರ್ಷ, ಅದು ಮುಗಿಯುವ ಮೊದಲೇ ಚುನಾವಣೆ ಮುಗಿದಿರಬೇಕು. 73ನೇ ತಿದ್ದುಪಡಿಯಲ್ಲಿ, 1993ರಲ್ಲಿ ಬಂದ ಮಾತು. ದೇಶಕ್ಕಿಂತ ಮೊದಲೇ ನಾವು ಮಾಡಿ ತೋರಿಸಿದ್ದೆವು. 1987ರಲ್ಲಿ ಜಿಲ್ಲಾ ಪರಿಷತ್ ಚುನಾವಣೆ ನಡೆದಾಗ ಮಂತ್ರಿ ಅಬ್ದುಲ್ ನಜೀರ್ ಸಾಬ್, ಊರೂರಿಗೆ ಬೋರ್‌ವೆಲ್ ಕೊರೆಸಿ ‘ನೀರ್ ಸಾಬ್’ ಆದವರು. ಅಂಥ ನಮ್ಮಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯ್ತಿಗಳಿಗೆ 2016ರ ಫೆಬ್ರವರಿಯಲ್ಲಿ ಚುನಾವಣೆ ಆಯಿತು. 2021ಕ್ಕೆ ಅವಧಿ ಮುಗಿಯಿತು. ಆಮೇಲೆ ಕ್ಷೇತ್ರ ಮರುವಿಂಗಡಣೆ ಅಂದರು, ಮೀಸಲಾತಿ ಪಟ್ಟಿ ಅಂದರು, ಕೋರ್ಟು ಅಂದರು. ನಡುವೆ ಸರ್ಕಾರದ ಪಕ್ಷವೇ ಬದಲಾಯಿತು. ನಾಲ್ಕು ವರ್ಷ ದಾಟಿದರೂ ಚುನಾವಣೆ ಇಲ್ಲ, ಆಡಳಿತಾಧಿಕಾರಿಗಳೇ ಎಲ್ಲ. ಬೆಂಗಳೂರಿನವರು ನಗಬೇಡಿ, ನಿಮ್ಮ ಕಾರ್ಪೊರೇಟರ್‌ಗಳು ಮನೆಗೆ ಹೋದದ್ದು 2020ರ ಸೆಪ್ಟೆಂಬರ್‌ನಲ್ಲಿ.

ಇದಕ್ಕೆ ಮೂರನೇ ಎರಡು ಬಹುಮತ ಬೇಕಾಗಲಿಲ್ಲ. ಒಂದು ಅಕ್ಷರ ತಿದ್ದಬೇಕಾಗಲಿಲ್ಲ. ಲೋಕಸಭೆ, ವಿಧಾನಸಭೆ ಆದ ನೂರು ದಿನದೊಳಗೆ ಸ್ಥಳೀಯ ಸಂಸ್ಥೆಗಳ ಚುನಾವಣೆಯೂ ಆಗಲಿ ಅಂತ ಕೋವಿಂದ್ ಸಮಿತಿ ಹೇಳಿತ್ತು. ಮಸೂದೆಯಲ್ಲಿ ಅದನ್ನು ಕೈಬಿಟ್ಟರು. ಬಿಟ್ಟದ್ದು ನಮಗೆ ಗೊತ್ತೇ ಆಗಲಿಲ್ಲ, ಅಲ್ವಾ?

ಮೊನ್ನೆ ಯಾವುದೋ ಸಹಿಗೆ ನಮ್ಮ ತಾಲ್ಲೂಕು ಪಂಚಾಯ್ತಿ ಆಫೀಸಿಗೆ ಹೋಗಿದ್ದೆ. ಅಧ್ಯಕ್ಷರ ಕೊಠಡಿಯಲ್ಲಿ ಜೆರಾಕ್ಸ್ ಪೇಪರ್ ಡಬ್ಬಗಳು. ಗೋಡೆಯ ಮೇಲೆ ಅಧ್ಯಕ್ಷರ ಹೆಸರಿನ ಮರದ ಹಲಗೆ. ಕೊನೆಯ ಹೆಸರಿನ ಮುಂದೆ 2021. ಅದರ ಕೆಳಗೆ ಪೇಂಟರ್ ಮೊದಲೇ ಕ್ರಮಸಂಖ್ಯೆ ಬರೆದು, ಗೆರೆ ಎಳೆದು ಇಟ್ಟಿದ್ದಾನೆ. ಹೆಸರಿನ ಜಾಗ ಖಾಲಿ. ನಾನು ಅದನ್ನೇ ನೋಡುತ್ತಾ ನಿಂತಿದ್ದಕ್ಕೆ ಅಟೆಂಡರ್‌ಗೆ ಏನನ್ನಿಸಿತೋ.

“ಕ್ಲೀನಾಗಿ ಇಟ್ಟಿದೀವಿ ಸಾರ್,” ಅಂದ. “ಪ್ರತಿ ಆಯುಧ ಪೂಜೆಗೂ ಒರೆಸಿ ಹೂ ಹಾಕ್ತೀವಿ.”