ಚಿಕ್ಕಮ್ಮನ ಇಂಜೆಕ್ಷನ್ ಮತ್ತು ನನ್ನ ಎಣಿಕೆ

ಮೆಲ್ಬರ್ನ್‌ಗೆ ಬಂದು ಆರು ವರ್ಷವಾಯಿತು. ಬೆಳಿಗ್ಗೆ 19ನೇ ನಂಬರಿನ ಟ್ರಾಮ್ ಹತ್ತಿ ರಾಯಲ್ ಪರೇಡ್‌ನಲ್ಲಿ ಇಳಿದರೆ ದೊಡ್ಡಾಸ್ಪತ್ರೆ, ಅದಕ್ಕೆ ಅಂಟಿಕೊಂಡಂತೆ ವಾಲ್ಟರ್ ಆಂಡ್ ಎಲೈಜಾ ಹಾಲ್ ಎಂಬ ವೈದ್ಯಕೀಯ ಸಂಶೋಧನಾ ಸಂಸ್ಥೆ, ಸುತ್ತಮುತ್ತ ಇನ್ನೂ ಎಷ್ಟೋ ಲ್ಯಾಬ್‌ಗಳು. ಪಾರ್ಕ್‌ವಿಲ್ ಎಂಬ ಈ ಬಡಾವಣೆಯ ಒಂದು ಲ್ಯಾಬ್‌ನಲ್ಲಿ ನನ್ನ ಕೆಲಸ. ಊರಿನವರು ‘ಅಲ್ಲಿ ಏನು ಮಾಡ್ತೀಯ?’ ಎಂದು ಕೇಳಿದಾಗಲೆಲ್ಲ ‘ರಕ್ತದ ಮೇಲೆ ಸಂಶೋಧನೆ’ ಎಂದು ಹೇಳಿ ಮಾತು ಮುಗಿಸುತ್ತಿದ್ದೆ. ಈಗ ಬಿಡಿಸಿ ಹೇಳಬೇಕು ಅನ್ನಿಸಿದೆ. ಅದಕ್ಕೆ ಕಾರಣ ನಮ್ಮ ಚಿಕ್ಕಮ್ಮ.

ನಾನು ಮಾಡುವುದು ಎಣಿಸುವ ಕೆಲಸ. ರಕ್ತಕಣಗಳು ತಯಾರಾಗುವುದು ಮೂಳೆಮಜ್ಜೆಯಲ್ಲಿ; ಇಲಿಯ ಮಜ್ಜೆಯಿಂದ ತೆಗೆದ ಕೋಶಗಳನ್ನು ಅಗಾರ್ ಎಂಬ ಅಂಟಿನಂಥ ಪದಾರ್ಥದಲ್ಲಿ ಬೆರೆಸಿ, ಅಂಗೈಯಲ್ಲಿ ಅಡಗುವಂಥ ಪುಟ್ಟ ಪ್ಲೇಟಿಗೆ ಹೊಯ್ಯುತ್ತೇವೆ. ಅದು ಮೆತ್ತಗೆ ಹೆಪ್ಪುಗಟ್ಟುತ್ತದೆ. ಆಮೇಲೆ 37 ಡಿಗ್ರಿ ಬಿಸಿಯಲ್ಲಿ ಏಳು ದಿನ. ಹೆಪ್ಪಿನೊಳಗೆ ಸಿಕ್ಕಿಕೊಂಡ ಕೋಶ ದೂರ ಹೋಗಲಾರದು. ಒಂದು ಎರಡಾಗಿ, ಎರಡು ನಾಲ್ಕಾಗಿ, ಇದ್ದಲ್ಲೇ ಸಂಸಾರ ಬೆಳೆಸುತ್ತದೆ. 50 ಕೋಶ ದಾಟಿದರೆ ಅದನ್ನು ಕಾಲನಿ ಎನ್ನುತ್ತೇವೆ. ಮೈಕ್ರೋಸ್ಕೋಪಿನಲ್ಲಿ ಕೆಲವು ಕಾಲನಿ ಒತ್ತೊತ್ತಾಗಿ ಕಾಣುತ್ತವೆ, ಕೆಲವು ರವೆ ಚೆಲ್ಲಿದ ಹಾಗೆ ಹರಡಿಕೊಂಡಿರುತ್ತವೆ. ಕಣ್ಣು ಪಳಗಿದ ಮೇಲೆ ಆ ಆಕಾರದಿಂದಲೇ ಯಾವ ಬಗೆಯ ಬಿಳಿ ರಕ್ತಕಣ ಎಂಬ ಅಂದಾಜು ಸಿಗುತ್ತದೆ. ಮೊದಲ ವರ್ಷ ನನಗೆ ಎಲ್ಲವೂ ಒಂದೇ ಥರ ಕಾಣುತ್ತಿದ್ದವು.

ಈ ವಿಧಾನ ಇದೇ ಊರಿನದು. 1965ರಲ್ಲಿ ಮೆಲ್ಬರ್ನ್ ವಿಶ್ವವಿದ್ಯಾಲಯದ ರೇ ಬ್ರಾಡ್ಲಿ, ಹಾಲ್ ಸಂಸ್ಥೆಯ ಡೊನಾಲ್ಡ್ ಮೆಟ್‌ಕಾಫ್ ಇಬ್ಬರೂ ಸೇರಿ ಇದನ್ನು ಬೆಳೆಸಿದರು. (ಸರಿಸುಮಾರು ಅದೇ ಹೊತ್ತಿಗೆ ಇಸ್ರೇಲಿನಲ್ಲಿ ಪ್ಲುಜ್ನಿಕ್ ಮತ್ತು ಸ್ಯಾಕ್ಸ್ ಕೂಡ ತಾವಾಗಿಯೇ ಇಲ್ಲಿಗೆ ತಲುಪಿದ್ದರು.) ಮೆಟ್‌ಕಾಫ್ ಅವರನ್ನು ಹಿಡಿದು ನಿಲ್ಲಿಸಿದ್ದು ಒಂದು ಸಂಗತಿ: ಮಜ್ಜೆಯ ಕೋಶಗಳನ್ನಷ್ಟೇ ಇಟ್ಟರೆ ಕಾಲನಿ ಏಳುವುದಿಲ್ಲ. ಬೇರೆ ಅಂಗಾಂಶದ ಕೋಶಗಳು ಜೊತೆಗಿರಬೇಕು, ಇಲ್ಲವೇ ಅವು ಬೆಳೆದ ದ್ರವವನ್ನಾದರೂ ಸೇರಿಸಬೇಕು. ಅಂದರೆ ‘ಹುಟ್ಟಿ, ಬೆಳೆಯಿರಿ’ ಎಂದು ಹೇಳುವ ಏನೋ ಒಂದು ವಸ್ತು ಆ ದ್ರವದಲ್ಲಿದೆ. ಅದಕ್ಕೆ ಕಾಲನಿ ಸ್ಟಿಮ್ಯುಲೇಟಿಂಗ್ ಫ್ಯಾಕ್ಟರ್, ಚಿಕ್ಕದಾಗಿ ಸಿಎಸ್ಎಫ್, ಎಂದು ಹೆಸರಾಯಿತು.

ಹೆಸರಿಟ್ಟಷ್ಟು ಸುಲಭಕ್ಕೆ ಅದು ಕೈಗೆ ಸಿಗಲಿಲ್ಲ. ದೇಹದಲ್ಲಿ ಅದು ಇರುವುದೇ ತೀರಾ ಅತ್ಯಲ್ಪ. ಇಲಿಯ ಶ್ವಾಸಕೋಶ ಬೆಳೆಸಿದ ದ್ರವವನ್ನು ಸೋಸಿ, ಮತ್ತೆ ಸೋಸಿ, ಪ್ರತಿ ಹಂತದಲ್ಲೂ ಪ್ಲೇಟ್ ಮಾಡಿ ಎಣಿಸಬೇಕು. ಒಂದಲ್ಲ, ನಾಲ್ಕು ಸಿಎಸ್ಎಫ್‌ಗಳಿವೆ ಎಂಬುದು ಕ್ರಮೇಣ ತಿಳಿಯಿತು. ಅವುಗಳಲ್ಲಿ ಸೋಂಕಿನ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳನ್ನು ಬೆಳೆಸುವ ಜಿ-ಸಿಎಸ್ಎಫ್ ಶುದ್ಧ ರೂಪದಲ್ಲಿ ಸಿಕ್ಕಿದ್ದು 1983ರಲ್ಲಿ, ಹಾಲ್ ಸಂಸ್ಥೆಯ ನಿಕೋಲಾ ಮತ್ತು ಸಂಗಡಿಗರಿಗೆ. ಮೊದಲ ಪ್ಲೇಟಿನಿಂದ ಅಲ್ಲಿಗೆ ಹದಿನೆಂಟು ವರ್ಷ! 1986ರಲ್ಲಿ ಮನುಷ್ಯರ ಜಿ-ಸಿಎಸ್ಎಫ್ ಜೀನ್ ಸಿಕ್ಕಿತು. ಆ ಜೀನ್ ಬಳಸಿ ಬ್ಯಾಕ್ಟೀರಿಯಾದಲ್ಲಿ ತಯಾರಿಸಿದ ಔಷಧಕ್ಕೆ 1991ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು.

 

ನನ್ನ ಮನಸ್ಸು ಮತ್ತೆ ಮತ್ತೆ ಹೋಗುವುದು ಮೆಟ್‌ಕಾಫ್ ಅವರ ನೌಕರಿಯ ಕಡೆಗೆ. 1954ರಲ್ಲಿ ವಿಕ್ಟೋರಿಯಾ ರಾಜ್ಯದ ಕ್ಯಾನ್ಸರ್ ಮಂಡಳಿ ಅವರಿಗೆ ಸಂಶೋಧನೆಗೆಂದು ಕಾರ್ಡನ್ ಫೆಲೋಶಿಪ್ ಕೊಟ್ಟಿತು. 2014ರ ಡಿಸೆಂಬರಿನಲ್ಲಿ ತೀರಿಕೊಳ್ಳುವವರೆಗೂ ಅದು ಅವರ ಕೈಯಲ್ಲೇ ಇತ್ತು. ಅರವತ್ತು ವರ್ಷ. ನನ್ನದು ಎರಡು ವರ್ಷದ ಕಾಂಟ್ರ್ಯಾಕ್ಟ್. ಮುಗಿಯಲು ಇನ್ನೂ ಆರು ತಿಂಗಳಿರುವಾಗಲೇ ಮುಂದಿನ ಗ್ರಾಂಟ್ ಬರುತ್ತದೋ ಇಲ್ಲವೋ, ವೀಸಾ ಏನಾಗುತ್ತದೋ ಎಂದು ನಿದ್ದೆ ಕೆಡುತ್ತದೆ. ಎರಡು ವರ್ಷದೊಳಗೆ ಪ್ರಕಟವಾಗುವಂಥ ಪ್ರಶ್ನೆಯನ್ನೇ ಆರಿಸಿಕೊಳ್ಳುತ್ತೇವೆ. ಹದಿನೆಂಟು ವರ್ಷದ ಪ್ರಶ್ನೆಗೆ ಕೈಹಾಕುವ ಧೈರ್ಯ ನನ್ನ ಓರಗೆಯವರಲ್ಲಿ ಯಾರಿಗೂ ಇಲ್ಲ. ಇದು ನನಗೆ ನಿಜಕ್ಕೂ ಸಂಕಟದ ವಿಷಯ.

ಇನ್ನು ಚಿಕ್ಕಮ್ಮ. ಕಳೆದ ವರ್ಷ ಅವರಿಗೆ ಸ್ತನದ ಕ್ಯಾನ್ಸರ್‌ಗೆ ಕೀಮೋ ಶುರುವಾಯಿತು. ಕೀಮೋ ಗಡ್ಡೆಯನ್ನು ಹೊಡೆಯುವಾಗ ಮಜ್ಜೆಯನ್ನೂ ಹೊಡೆಯುತ್ತದೆ. ಸೋಂಕಿನ ವಿರುದ್ಧ ಮೊದಲು ಓಡಿಬರುವ ನ್ಯೂಟ್ರೋಫಿಲ್ ಎಂಬ ಬಿಳಿಕಣಗಳ ಆಯುಸ್ಸೇ ಅಲ್ಪ, ಆದ್ದರಿಂದ ಉತ್ಪಾದನೆ ನಿಂತರೆ ಅವು ಬೇಗ ಖಾಲಿಯಾಗುತ್ತವೆ. ಮೈಕ್ರೋಲೀಟರ್ ರಕ್ತದಲ್ಲಿ ಸುಮಾರು ಎರಡು ಸಾವಿರಕ್ಕಿಂತ ಹೆಚ್ಚಿರಬೇಕಾದದ್ದು ಎರಡನೇ ಸುತ್ತಿನಲ್ಲಿ ಅವರಿಗೆ 500ಕ್ಕಿಂತ ಕೆಳಗಿಳಿಯಿತು. ಜ್ವರ ಬಂದು ಐದು ದಿನ ಆಸ್ಪತ್ರೆಯಲ್ಲಿದ್ದರು. ನಾನು ಇಲ್ಲಿ ಫೋನು ಹಿಡಿದು ಕೂತಿದ್ದೆ.

ಮೂರನೇ ಸುತ್ತಿನ ಮರುದಿನ ಅವರಿಗೆ ಒಂದು ಇಂಜೆಕ್ಷನ್ ಕೊಟ್ಟರು. ಮೂರು ದಿನ ಬಿಟ್ಟು ಚಿಕ್ಕಮ್ಮನೇ ಫೋನ್ ಮಾಡಿದರು.

“ಸೊಂಟದ ಮೂಳೆ, ಎದೆಮೂಳೆ ಎಲ್ಲ ಒಳಗಿಂದ ಒತ್ತಿದ ಹಾಗೆ ನೋಯ್ತಿದೆ ಕಣೇ. ಇದೇನು ಹೊಸ ಕಾಯಿಲೆಯೋ?”

“ಡಾಕ್ಟರಿಗೆ ಹೇಳಿ ಚಿಕ್ಕಮ್ಮ, ನೋವಿಗೆ ಮಾತ್ರೆ ಕೊಡ್ತಾರೆ. ಆ ಇಂಜೆಕ್ಷನ್‌ಗೆ ಎಷ್ಟೋ ಜನರಿಗೆ ಹೀಗೆ ಮೂಳೆ ನೋವು ಬರುತ್ತೆ. ಮೂಳೆಯೊಳಗೇ ಬಿಳಿಕಣ ತಯಾರಾಗೋದು, ಆ ಮದ್ದು ಅಲ್ಲಿಗೆ ಹೋಗಿ ಕೆಲಸ ಮಾಡಿಸ್ತಿದೆ.”

“ಅದರ ಹೆಸರೇನು?”

“ಜಿ-ಸಿಎಸ್ಎಫ್.”

“ನೀನು ದಿನಾ ಎಣಿಸ್ತೀನಿ ಅಂತೀಯಲ್ಲ, ಅದು?”

“ಅದೇ ಚಿಕ್ಕಮ್ಮ. ನಾನು ಇಳಿಯೋ ಟ್ರಾಮ್ ಸ್ಟಾಪಿನ ಎದುರಿನ ಸಂಸ್ಥೆಯಲ್ಲೇ ಅದರ ಕೆಲಸ ನಡೆದದ್ದು.”

ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮುಂದಿನ ವಾರ ವಾಟ್ಸಾಪಿನಲ್ಲಿ ರಿಪೋರ್ಟಿನ ಫೋಟೊ ಬಂತು. ನ್ಯೂಟ್ರೋಫಿಲ್ ಸಾಲಿಗೆ ಪೆನ್ನಿನಲ್ಲಿ ಸುತ್ತು ಹಾಕಿದ್ದರು: 3,100. ಕೆಳಗೆ ಅವರದೇ ಅಕ್ಷರದಲ್ಲಿ, ‘ಸರಿಯಾಗಿ ಎಣಿಸಿದ್ದಾರಾ ನೋಡು.’