ಪುಸ್ತಕ ವಾಪಸ್ ಕೊಡುವ ದಿನ

ಜೂನ್ 18, 2025, ಬುಧವಾರ
ಮಿಡ್ಲ್‌ಸೆಕ್ಸ್ ಕೌಂಟಿ, ನ್ಯೂ ಜೆರ್ಸಿ

ಇವತ್ತು ಶಾಲೆಯ ಕೊನೇ ದಿನ. ಹಾಫ್ ಡೇ. ಹನ್ನೆರಡೂ ಕಾಲಿಗೆ ಬೆಲ್ ಹೊಡೆಯಿತು, ಹತ್ತು ನಿಮಿಷದಲ್ಲಿ ಕಾರಿಡಾರ್ ಖಾಲಿ. ಒಂದು ಗಂಟೆಗೆ ನಾನು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಪುಸ್ತಕ ಎಣಿಸುತ್ತಿದ್ದೆ. ಎರಡು ಸಲ ಎಣಿಸಿದೆ. 112. ಇರಬೇಕಾದ್ದು 113.

ಹೊಸಬರಿಗಾಗಿ ಒಂದು ಮಾತು. ನಾನು ಇಲ್ಲಿ ಹೈಸ್ಕೂಲಿನ ಹನ್ನೊಂದನೇ ತರಗತಿಗೆ ಅಮೆರಿಕದ ಇತಿಹಾಸ ಹೇಳಿಕೊಡುತ್ತೇನೆ. "ಅಮೆರಿಕದೋರಿಗೆ ಅಮೆರಿಕದ ಇತಿಹಾಸ ಹೇಳಿಕೊಡೋಕೆ ತೀರ್ಥಹಳ್ಳಿಯಿಂದ ಹೋಗಬೇಕಾಯ್ತೇನೇ?" ಅಂತ ನಮ್ಮ ದೊಡ್ಡಪ್ಪ ಈಗಲೂ ಫೋನಿನಲ್ಲಿ ಕೇಳುತ್ತಾರೆ. ಪ್ರತಿ ಸಲವೂ ಹೊಸದಾಗಿ ಕೇಳಿದ ಹಾಗೆ ನಗುತ್ತಾರೆ.

ನ್ಯೂ ಜೆರ್ಸಿಯಲ್ಲಿ ಹೈಸ್ಕೂಲು ಮುಗಿಸಬೇಕಾದರೆ ಅಮೆರಿಕದ ಇತಿಹಾಸವನ್ನು ಎರಡು ವರ್ಷ ಓದಲೇಬೇಕು. ನಮ್ಮಲ್ಲಿ ಮೊದಲ ವರ್ಷ ಅಂತರ್ಯುದ್ಧ ದಾಟಿಸಿ ಬಿಡುತ್ತಾರೆ. ಎರಡನೇ ವರ್ಷ ನನ್ನ ಪಾಲು. ಕಾರ್ಖಾನೆಗಳ ಕಾಲದಿಂದ ಇವತ್ತಿನವರೆಗೆ. "ಇವತ್ತಿನವರೆಗೆ" ಅನ್ನುವುದು ಪಠ್ಯಕ್ರಮದ ಕಾಗದದಲ್ಲಿದೆ, ಅಷ್ಟೇ. ನಾನು ಯಾವ ವರ್ಷವೂ ಅಲ್ಲಿಯವರೆಗೆ ತಲುಪಿಲ್ಲ.

ತಪ್ಪು ನನ್ನದೇ. ಪ್ಯಾಟರ್ಸನ್‌ಗೆ ಬಂದರೆ ಗಾಡಿ ಅಲ್ಲೇ ನಿಂತುಬಿಡುತ್ತದೆ. ಇಲ್ಲಿಂದ ಉತ್ತರಕ್ಕಿರುವ ಊರು, ಒಂದು ಕಾಲಕ್ಕೆ ರೇಷ್ಮೆಗೆ ಹೆಸರುವಾಸಿ. 1913ರಲ್ಲಿ ಅಲ್ಲಿಯ ಮಗ್ಗದವರು ಸಾವಿರಗಟ್ಟಲೆ ಜನ ಕೆಲಸ ನಿಲ್ಲಿಸಿದರು. ಎರಡು ಮಗ್ಗ ನೋಡಿಕೊಳ್ಳುತ್ತಿದ್ದ ಒಬ್ಬ ನೇಕಾರ ಇನ್ನು ಮೇಲೆ ನಾಲ್ಕು ನೋಡಿಕೊಳ್ಳಬೇಕು ಅಂದಿದ್ದರು ಮಾಲೀಕರು. ನಾನು ಕ್ಲಾಸಿನಲ್ಲಿ ನಾಲ್ಕು ಡೆಸ್ಕು ದೂರ ದೂರ ಇಟ್ಟು, ಒಂದೊಂದರ ಮೇಲೆ ಒಂದು ಫೋನು ಇಟ್ಟು, ಬೇರೆ ಬೇರೆ ಹೊತ್ತಿಗೆ ಅಲಾರಂ ಇಡುತ್ತೇನೆ. ಹೊಡೆದುಕೊಂಡ ಅಲಾರಮನ್ನೆಲ್ಲ ಒಬ್ಬನೇ ಓಡಿ ಓಡಿ ಆರಿಸಬೇಕು. ಈ ವರ್ಷ ಬ್ಯಾಸ್ಕೆಟ್‌ಬಾಲ್ ಆಡುವ ಹುಡುಗನೊಬ್ಬ ಮೂರನೇ ನಿಮಿಷಕ್ಕೆ ಏದುಸಿರು ಬಿಡುತ್ತಾ "ಮಿಸ್, ಇದು ದಿನಕ್ಕೆ ಎಷ್ಟು ಗಂಟೆ?" ಅಂದ. ಹತ್ತು ಅಂದೆ. ಅವರು ಕೇಳಿದ್ದು ಎಂಟು. ಐದು ತಿಂಗಳು ಹೋರಾಡಿ ಸೋತು ವಾಪಸ್ ಹೋದರು. ಇದನ್ನು ಒಂದೇ ದಿನದಲ್ಲಿ ಮುಗಿಸೋದು ಹೇಗೆ, ಹೇಳಿ?

ಹಾಗಾಗಿ ಪ್ರತಿ ವರ್ಷ ಮೇ ತಿಂಗಳಲ್ಲಿ ಓಟ. ಸೆಕೆ ಶುರು, ಹುಡುಗರ ತಲೆಯಲ್ಲೆಲ್ಲ ಪ್ರಾಮ್, ಅಂದರೆ ವರ್ಷದ ಕೊನೆಯ ಡಾನ್ಸ್ ಪಾರ್ಟಿ. ನಿಕ್ಸನ್ ರಾಜೀನಾಮೆಯ ಪಾಠ ಮೇ ಕೊನೇ ವಾರದಲ್ಲಿ ಆಯಿತು. ರೇಗನ್‌ಗೆ ಸಿಕ್ಕಿದ್ದು ಇಪ್ಪತ್ತೈದು ನಿಮಿಷ. ಬರ್ಲಿನ್ ಗೋಡೆ ಒಂದೇ ಸ್ಲೈಡಿನಲ್ಲಿ ಬಿತ್ತು.

ಆದರೆ ಈ ಸಲ ಒಂದು ಹಟ ಹಿಡಿದಿದ್ದೆ. 1965ರ ವಲಸೆ ಕಾನೂನಿಗೆ ಪೂರಾ ಎರಡು ದಿನ. ನಮ್ಮ ಪುಸ್ತಕ ಅದಕ್ಕೆ ಅರ್ಧ ಪ್ಯಾರಾ ಕೊಡುತ್ತದೆ. ಆ ಅರ್ಧ ಪ್ಯಾರಾ ಇಲ್ಲದಿದ್ದರೆ ನನ್ನ ಕ್ಲಾಸಿನಲ್ಲಿ ಅರ್ಧ ಬೆಂಚು ಖಾಲಿ ಇರುತ್ತಿತ್ತು. ಟೀಚರೂ ಇರುತ್ತಿರಲಿಲ್ಲ.

ಮೊದಲ ದಿನ ಭಗತ್ ಸಿಂಗ್ ಥಿಂದ್. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿದ್ದವರು. 1923ರಲ್ಲಿ ಇಲ್ಲಿಯ ಸುಪ್ರೀಂ ಕೋರ್ಟು ಇವರು ಬಿಳಿಯರಲ್ಲ, ಪೌರತ್ವ ಸಿಗುವುದಿಲ್ಲ ಅಂದುಬಿಟ್ಟಿತು. 1946ರ ಕಾನೂನು ಭಾರತೀಯರೂ ಪೌರರಾಗಬಹುದು ಅಂದಿತು, ಆದರೆ ವರ್ಷಕ್ಕೆ 100 ಜನ ಮಾತ್ರ ಬರಬಹುದು. ಇಡೀ ಭಾರತಕ್ಕೆ ನೂರು! "ನಮ್ಮ ಕಸಿನ್ ಮದುವೆಗೇ ಅದಕ್ಕಿಂತ ಜಾಸ್ತಿ ಜನ ಬಂದಿದ್ರು" ಅಂದಳು ಒಬ್ಬಳು.

ಎರಡನೇ ದಿನ ಅಧ್ಯಕ್ಷ ಜಾನ್ಸನ್. 1965ರ ಅಕ್ಟೋಬರ್ 3ರಂದು ಲಿಬರ್ಟಿ ದ್ವೀಪಕ್ಕೆ ಹೋಗಿ, ಆ ದೊಡ್ಡ ಪ್ರತಿಮೆಯ ಬುಡದಲ್ಲಿ ಕೂತು ಹೊಸ ವಲಸೆ ಕಾನೂನಿಗೆ ಸಹಿ ಹಾಕಿದರು. ಊರಿಂದ ಅಜ್ಜ ಅಜ್ಜಿ ಬಂದಾಗಲೆಲ್ಲ ನಮ್ಮ ಮಕ್ಕಳು ದೋಣಿ ಹತ್ತಿಸಿ ತೋರಿಸಿಕೊಂಡು ಬರುವ ಜಾಗ ಅದು. ಹುಟ್ಟಿದ ದೇಶ ನೋಡಿ ಜನರನ್ನು ಅಳೆಯುತ್ತಿದ್ದ 1924ರ ಹಳೇ ಕೋಟಾ ಅಲ್ಲಿಗೆ ಮುಗಿಯಿತು. ಏಷ್ಯಾದ ಒಂದೊಂದು ದೇಶದಿಂದಲೂ ವರ್ಷಕ್ಕೆ 20,000 ಜನರವರೆಗೆ ಬರಬಹುದಾಯಿತು. ತಮಾಷೆ ಏನೆಂದರೆ, ಇದೇನೂ ಕ್ರಾಂತಿಕಾರಿ ಮಸೂದೆ ಅಲ್ಲ, ಲಕ್ಷಾಂತರ ಜನರ ಬದುಕನ್ನೇನೂ ಇದು ಮುಟ್ಟುವುದಿಲ್ಲ ಅಂತ ಜಾನ್ಸನ್ ಅವತ್ತು ಭಾಷಣದಲ್ಲೇ ಹೇಳಿದ್ದರು. ಇದನ್ನು ಓದಿ ಹೇಳಿ ನಾನು ಸುಮ್ಮನೆ ಕ್ಲಾಸಿನ ಕಡೆ ನೋಡಿದೆ. ಎರಡು ಸೆಕೆಂಡು ಮೌನ. ಆಮೇಲೆ ಹಿಂದಿನ ಬೆಂಚಿನಿಂದ ನಗು ಶುರುವಾಯಿತು.

ನಗು ನಿಲ್ಲಿಸಿದ್ದು ಒಬ್ಬ ಹುಡುಗಿ. 1987ರಲ್ಲಿ ಅವಳ ಅಪ್ಪ ಜೆರ್ಸಿ ಸಿಟಿಯಲ್ಲಿದ್ದರಂತೆ. "ಮಿಸ್, ಡಾಟ್‌ಬಸ್ಟರ್ಸ್ ಬಗ್ಗೆ ಯಾಕಿಲ್ಲ ಪುಸ್ತಕದಲ್ಲಿ?" ಅಂದಳು. ಡಾಟ್ ಅಂದರೆ ನಮ್ಮ ಹಣೆಯ ಬೊಟ್ಟು. ಭಾರತೀಯರನ್ನು ಜೆರ್ಸಿ ಸಿಟಿಯಿಂದ ಓಡಿಸುತ್ತೇವೆ ಅಂತ ಪತ್ರಿಕೆಗೆ ಕಾಗದ ಬರೆದ ಗುಂಪು ಅದು. ಫೋನ್ ಬುಕ್ಕಿನಲ್ಲಿ ಪಟೇಲ್ ಅನ್ನುವ ಹೆಸರು ಹುಡುಕಿ ಮನೆ ಪತ್ತೆ ಮಾಡುತ್ತೇವೆ ಅಂತಲೂ ಅದರಲ್ಲಿ ಬರೆದಿತ್ತು. ಆ ವರ್ಷ ಪಕ್ಕದ ಹೊಬೊಕೆನ್‌ನಲ್ಲಿ ಪಾರ್ಸಿಯೊಬ್ಬರನ್ನು ಹೊಡೆದು ಕೊಂದರು. ಅದನ್ನೆಲ್ಲ ಹೇಳಿದೆ. ಹೇಳುವಾಗ ಕೈ ತಾನಾಗಿ ಹಣೆಗೆ ಹೋಯಿತು. ಹುಡುಗರು ನೋಡಿದರು ಅಂತ ಕಾಣುತ್ತದೆ, ಯಾರೂ ಏನೂ ಅನ್ನಲಿಲ್ಲ.

ಸರಿ, ಪುಸ್ತಕದ ಕತೆಗೆ ಬರುತ್ತೇನೆ.

ನಮ್ಮ ಪಠ್ಯಪುಸ್ತಕ 2005ರಲ್ಲಿ ಅಚ್ಚಾಗಿದ್ದು. ಸಾವಿರ ಪುಟದ ಹತ್ತಿರ, ಎತ್ತಿ ಹಾಕಿದರೆ ಹೆಬ್ಬಾವು ಸಾಯುತ್ತದೆ. ಅದರ ಪ್ರಕಾರ ಬುಷ್ ಅವರೇ ಇನ್ನೂ ಅಧ್ಯಕ್ಷರು. ಓದುವ ಮಕ್ಕಳು ಅದಕ್ಕಿಂತ ಚಿಕ್ಕವರು. ಮುಂದಿನ ವರ್ಷದಿಂದ ಎಲ್ಲ ಕ್ರೋಮ್‌ಬುಕ್ ಲ್ಯಾಪ್‌ಟಾಪಿನಲ್ಲೇ, ಹಾಗಾಗಿ ಇವು ಸೋಮವಾರ ರದ್ದಿಗೆ ಹೋಗುತ್ತವೆ. ಆದರೂ ಲೆಕ್ಕ ಕೊಡಬೇಕು. ಕಳೆದ ಪುಸ್ತಕಕ್ಕೆ 85 ಡಾಲರ್ ದಂಡ ವಸೂಲಿ ಮಾಡಬೇಕಂತೆ, ರದ್ದಿಗೆ ಹೋಗುವ ಪುಸ್ತಕಕ್ಕೆ! ಆಫೀಸಿನವರ ಜೊತೆ ಇದನ್ನು ಎರಡು ಸಲ ಮಾತಾಡಿ ನೋಡಿದೆ. ಆಗಲಿಲ್ಲ.

ಮೊದಲೆಲ್ಲ ಮಕ್ಕಳು ದಿನಸಿ ಅಂಗಡಿಯ ಕಂದು ಕಾಗದದ ಚೀಲ ಕತ್ತರಿಸಿ ಬೈಂಡ್ ಹಾಕುತ್ತಿದ್ದರು, ಥೇಟ್ ನಮ್ಮ ಕಾಲದ ಹಾಗೆ. 2022ರಿಂದ ಇಲ್ಲಿಯ ದೊಡ್ಡ ದಿನಸಿ ಅಂಗಡಿಗಳಲ್ಲಿ ಕಾಗದದ ಚೀಲವೂ ಬಂದ್. ಆಮೇಲಿಂದ ಪುಸ್ತಕಗಳು ಬೆತ್ತಲೆ.

ಒಳಗಿನ ರಟ್ಟಿಗೆ ಒಂದು ಮುದ್ರೆ ಹೊಡೆದಿರುತ್ತಾರೆ. ಅದರಲ್ಲಿ ಮೂರು ಕಲಂ. ವರ್ಷ, ಪುಸ್ತಕ ತೆಗೆದುಕೊಂಡವರ ಹೆಸರು, ಪುಸ್ತಕದ ಸ್ಥಿತಿ. ಸ್ಥಿತಿ ಅಂದರೆ ನ್ಯೂ, ಗುಡ್, ಫೇರ್, ಪೂರ್. ಹದಿನಾಲ್ಕು ವರ್ಷದಿಂದ ಕೊನೇ ಕಲಂ ತುಂಬುತ್ತಿದ್ದೇನೆ, ನಡುವಿನದನ್ನು ಯಾವತ್ತೂ ಮೇಲಿಂದ ಕೆಳಗೆ ಓದಿರಲಿಲ್ಲ. ಇವತ್ತು 12ನೇ ನಂಬರಿನ ಪುಸ್ತಕ ತೆರೆದು ಓದಿದೆ. ರುಸ್ಸೋ. ಕೊವಾಲ್‌ಸ್ಕಿ. ನಾಗಿ. ಮರ್ಫಿ. ಆಮೇಲೆ ಒಬ್ಬ ಷಾ. ಮತ್ತೆ ಒಬ್ಬ ಇಟಾಲಿಯನ್. ಪಟೇಲ್. ಗಾರ್ಸಿಯಾ. ಪಟೇಲ್. ರೆಡ್ಡಿ. ಪಟೇಲ್. ಕೊನೇ ಸಾಲಿನಲ್ಲಿ ಈ ವರ್ಷದ ಹುಡುಗಿ, ಅಹ್ಮದ್. ಒಬ್ಬೊಬ್ಬರದು ಒಂದೊಂದು ಅಕ್ಷರ, ಒಂದೊಂದು ಬಣ್ಣದ ಪೆನ್ನು. ಒಂದು ಕಡೆ 'ಐ'ಯ ಚುಕ್ಕೆಯ ಜಾಗದಲ್ಲಿ ಹೃದಯ. ಇದನ್ನು ಎರಡು ದಿನದ ಪಾಠಕ್ಕೆ ತೋರಿಸಬಹುದಿತ್ತಲ್ಲ! ವರ್ಷಾನುಗಟ್ಟಲೆ ನನ್ನ ಕಪಾಟಿನಲ್ಲೇ ಇತ್ತು.

ಪಕ್ಕದ ರೂಮಿನ ಸರ್ ಬೀಳ್ಕೊಳ್ಳಲು ಬಂದರು. ಈ ವರ್ಷ ಅವರ ರಿಟೈರ್‌ಮೆಂಟು. ಅವರಿಗೂ ಆ ಪುಟ ತೋರಿಸಿದೆ. ಕನ್ನಡಕ ಹಣೆಗೇರಿಸಿ ನೋಡಿದರು. ಎರಡನೇ ಸಾಲಿಗೆ ಬೆರಳಿಟ್ಟು, "ಇದು ನನ್ನ ಮಗ" ಅಂದರು. ಆ ವರ್ಷ ಸ್ಥಿತಿ ಬರೆದದ್ದೂ ಅವರೇ. ಅವನ ಮುಂದೆ 'ಫೇರ್' ಅಂತಿತ್ತು. ಆಚೀಚೆ ಎಲ್ಲರಿಗೂ 'ಗುಡ್'. "ಅವನು ಅದರ ಮೇಲೆ ಸೋಡಾ ಚೆಲ್ಲಿದ್ದ. ಮಗ ಅಂತ ಬಿಡೋಕಾಗುತ್ತಾ?" ಅಂದರು. ಪುಟದ ಅಂಚು ಹಿಡಿದು ಬೆಳಕಿಗೆ ತಿರುಗಿಸಿದರು. ಕಲೆ ಇನ್ನೂ ಇತ್ತು. 12ನೇ ನಂಬರನ್ನು ಅವರಿಗೇ ಕೊಟ್ಟು ಕಳಿಸಿದೆ. ಈಗ ಲೆಕ್ಕದಲ್ಲಿ 111.

ಎರಡೂವರೆಗೆ ಬಾಗಿಲು ತಟ್ಟಿದ ಶಬ್ದ. 113ನೇ ಪುಸ್ತಕದ ಮಾಲೀಕ, ಬೆವರಿಳಿಸಿಕೊಂಡು, ಸೈಕಲ್ ಹೆಲ್ಮೆಟ್ಟಿನ ಸಮೇತ. ಮೂರು ವಾರದಿಂದ ಪುಸ್ತಕ ಕಳೆದುಹೋಗಿದೆ ಅಂತಿದ್ದವನು.

"ಎಲ್ಲಿ ಸಿಕ್ತಪ್ಪಾ?"

"ಅಜ್ಜಿ ಹತ್ರ ಇತ್ತು, ಮಿಸ್."

ಅಜ್ಜಿ ಲುಧಿಯಾನಾದಿಂದ ಏಪ್ರಿಲ್‌ನಲ್ಲಿ ಬಂದಿದ್ದಾರಂತೆ. ಬಂದಾಗಿನಿಂದ ಅಂಗಡಿಯ ಪನೀರ್ ಮನೆಗೆ ತರುವ ಹಾಗಿಲ್ಲ. ಹಾಲು ಒಡೆಸಿ, ಬಟ್ಟೆಯಲ್ಲಿ ಕಟ್ಟಿ, ಮೇಲೊಂದು ಭಾರ ಹೇರಬೇಕಲ್ಲ. ಈ ಮನೆಯಲ್ಲಿ ಒಂದು ಗುಂಡುಕಲ್ಲೂ ಇಲ್ಲವಲ್ಲ ಅಂತ ಹುಡುಕಿದವರಿಗೆ ನಮ್ಮ ಇತಿಹಾಸ ಸಿಕ್ಕಿದೆ. ಕೆಲಸ ಮುಗಿದ ಮೇಲೆ ಒರೆಸಿ, ಅಕ್ಕಿ ಡಬ್ಬದ ಹಿಂದೆ ಜೋಪಾನವಾಗಿ ಇಡುತ್ತಿದ್ದರಂತೆ. ಇವತ್ತು ಬೆಳಿಗ್ಗೆ ಇವನು ಊಟದ ಮೇಜಿನ ಮೇಲೆ 85 ಡಾಲರ್ ವಿಷಯ ಎತ್ತಿದ ಮೇಲೆ ಹೊರಗೆ ಬಂತು.

ಹಿಂದಿನ ರಟ್ಟು ಉಬ್ಬಿಕೊಂಡಿತ್ತು. ಕೊನೆಯ ಮೂವತ್ತು ನಲವತ್ತು ಪುಟ ಅಲೆಅಲೆಯಾಗಿ ಒಣಗಿದ್ದವು. ಮೂಗಿನ ಹತ್ತಿರ ತಂದರೆ ಸಣ್ಣಗೆ ಹುಳಿ ವಾಸನೆ. ನಾನು ಹೇಗೂ ಆ ಪುಟಗಳವರೆಗೆ ಹೋಗಿರಲಿಲ್ಲ.

ಪೆನ್ನು ತೆಗೆದೆ. ಅವನ ಹೆಸರಿನ ಮುಂದಿನ ಜಾಗ ಖಾಲಿ ಇತ್ತು. ಅವನು ನನ್ನ ಕೈಯನ್ನೇ ನೋಡುತ್ತಾ ನಿಂತಿದ್ದ. ಪಕ್ಕದ ರೂಮಿನ ಸರ್ ಆಗಿದ್ದರೆ 'ಪೂರ್' ಅಂತ ಬರೆಯುತ್ತಿದ್ದರು, ಅದೇ ನ್ಯಾಯ. ನಾನು 'ಗುಡ್' ಬರೆದೆ.

ಅವನು ಬಾಗಿಲವರೆಗೆ ಹೋಗಿ ತಿರುಗಿದ. "ಪನೀರ್ ಮಾತ್ರ ತುಂಬಾ ಚೆನ್ನಾಗಿ ಬರ್ತಿತ್ತು, ಮಿಸ್" ಅಂದ.